ಮಾಧವಿ ಮೇಡಂ ಗೂಡು ಬೇಯಿಸಿದ್ದು

ಮಾಧವಿ ಮೇಡಂ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರೆಂದರೆ ಅವತ್ತು ನನ್ನ ಒಂದು ಪಾತ್ರೆ ಹೋಯಿತೆಂದೇ ಅರ್ಥ. ಒಂದು ದಿನ ಕುಕ್ಕರ್ ಬೇಕು ಎನ್ನುತ್ತಿದ್ದರು, ಇನ್ನೊಂದು ದಿನ ಹಿಟ್ಟು ಕಲಸುವ ಬೇಸಿನ್ನು. ಏನೂ ಬೇಡದ ದಿನ ಸುಮ್ಮನೆ ನನ್ನ ಗ್ಯಾಸ್ ಒಲೆಯ ಮುಂದೆ ನಿಂತು, "ರತ್ನಮ್ಮ, ಇದು ಬರೋಕ್ಮುಂಚೆ ಸೀಮೆಎಣ್ಣೆ. ಅದಕ್ಮುಂಚೆ ಸೌದೆ. ಸೌದೆ ಯಾರು ತರ್ತಿದ್ರು?" ಎಂದು ಕೇಳುತ್ತಿದ್ದರು. ಮುಳಬಾಗಿಲಿನಲ್ಲಿ ನಮ್ಮ ಬೀದಿಯ ಸರ್ಕಾರಿ ಶಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಸೇರಿದ ಕೆಲಸ ಅದು. ಎಷ್ಟೋ ಟೀಚರುಗಳು ಬಂದರು, ಹೋದರು. ಸಾರಿಗೆ ಉಪ್ಪು ಕಮ್ಮಿ, ಖಾರ ಜಾಸ್ತಿ ಎನ್ನುವುದನ್ನು ಬಿಟ್ಟು ನನ್ನನ್ನು ಏನಾದರೂ ಕೇಳಿದವರೆಂದರೆ ಮಾಧವಿ ಮೇಡಂ ಒಬ್ಬರೇ.

ಅವರು ಮುಳಬಾಗಿಲಿನವರೇ. ದೇವಸ್ಥಾನದ ಬೀದಿಯ ಹಳೆಯ ಮನೆತನ, ತಾತಂದಿರ ಕಾಲದಿಂದ ಶಾನುಭೋಗಿಕೆ, ಮನೆಯಲ್ಲಿ ಮಡಿ, ಏಕಾದಶಿ. ಆದರೆ ಮೇಡಂ ಹೆಗಲಿನ ಚೀಲದಲ್ಲಿ ಮಾತ್ರ ಹೊಲಿಗೆ ಮಿಷನ್ನಿನ ಚಕ್ರ, ಸೈಕಲ್ ಚೈನು, ತುಕ್ಕು ಹಿಡಿದ ಬೋಲ್ಟು. ಗುಜರಿ ಅಂಗಡಿಯವನು ಅವರನ್ನು ಕಂಡರೆ ಎದ್ದು ಸ್ಟೂಲು ಹಾಕುತ್ತಿದ್ದ.

ಎಂಟನೇ ಕ್ಲಾಸಿನವರಿಗೆ ಸಮಾಜ ಪಾಠ ಅವರದು. ಯಂತ್ರಗಳು ಹೇಗೆ ಬಂದವು, ಕಾರ್ಖಾನೆಗಳು ಹೇಗೆ ಎದ್ದವು ಅನ್ನುವ ಪಾಠ ಬಂದಾಗ ಮಕ್ಕಳು ಇಸವಿ ಬಾಯಿಪಾಠ ಮಾಡಿ ಒಪ್ಪಿಸಿದರಂತೆ. "ಕಾರ್ಖಾನೆ ಅಂದ್ರೇನು?" ಎಂದು ಮೇಡಂ ಕೇಳಿದ್ದಕ್ಕೆ, "ನಮ್ಮಕ್ಕನ್ನ ಬೆಳಗ್ಗೆ ವ್ಯಾನಲ್ಲಿ ಕರ್ಕೊಂಡೋಗ್ತಾರಲ್ಲ ಮಿಸ್, ನರಸಾಪುರಕ್ಕೆ, ಅದು" ಎಂದನಂತೆ ಆಂಜಿ. ಅವನು ಕ್ಲಾಸಿನಲ್ಲಿ ಎಲ್ಲರಿಗಿಂತ ವಾಚಾಳಿ. ಒಳಗೆ ಏನು ಮಾಡ್ತಾರೋ ಎಂದರೆ ಒಬ್ಬರಿಗೂ ಗೊತ್ತಿಲ್ಲ. ಅವತ್ತೇ ಮೇಡಂ ಪುಸ್ತಕ ಮುಚ್ಚಿ ನನ್ನ ಕುಕ್ಕರಿಗೆ ಬಂದರು.

ವಿಶಲ್ ತೆಗೆಸಿ, ಬುಸ್ಸೆಂದು ಬರುವ ಹಬೆಯ ಎದುರು ಒಂದು ಕಡ್ಡಿಗೆ ಸಿಕ್ಕಿಸಿದ ಕಾಗದದ ಫ್ಯಾನು ಹಿಡಿದರು. ಅದು ಗಿರ್ರನೆ ತಿರುಗಿತು. ಮಕ್ಕಳೆಲ್ಲ ಹೋ ಎಂದರು.

"ಮಿಸ್, ಹಂಗಾದ್ರೆ ನಮ್ಮಜ್ಜಿ ರಾಗಿ ಕಲ್ಲಿಗೂ ಇದನ್ನ ಕಟ್ಬೋದಾ?" ಎಂದ ಆಂಜಿ.

"ಕಟ್ಟಿದ್ರು ಕಣೋ. ಅದೇ ಪಾಠ."

ಇನ್ನೊಂದು ಶನಿವಾರ ಪೂರಿ. ಮೊದಲು ಒಬ್ಬೊಬ್ಬರೂ ತಾವೇ ಕಲಸಿ, ಉಂಡೆ ಕಟ್ಟಿ, ಲಟ್ಟಿಸಿ ನನ್ನ ಕೈಗೆ ಕೊಡಬೇಕು. ಆಮೇಲೆ ಸಾಲಾಗಿ ಕೂರಿಸಿದರು. ಒಬ್ಬನಿಗೆ ಉಂಡೆ ಮಾತ್ರ, ಒಬ್ಬಳಿಗೆ ಒತ್ತುವುದು ಮಾತ್ರ. ಸಾಲಿನಲ್ಲಿ ಪೂರಿ ಎಷ್ಟು ಬೇಗ ಬಂದವೆಂದರೆ ಕರಿಯುವುದಕ್ಕೆ ನನ್ನ ಎರಡು ಕೈ ಸಾಲಲಿಲ್ಲ. ಎಲ್ಲರೂ ಕುಣಿಯುತ್ತಿದ್ದರೆ ರುಮಾನಾ ಎನ್ನುವ ಹುಡುಗಿ ಮಾತ್ರ ಮುಖ ಊದಿಸಿಕೊಂಡು, "ನಾನು ಉಂಡೆ ಬಿಟ್ಟು ಬೇರೇನೂ ಮಾಡ್ಲೇ ಇಲ್ಲ ಮಿಸ್. ಪೂರಿ ನಂದು ಅಂತ ಅನ್ನಿಸ್ತಾನೇ ಇಲ್ಲ" ಎಂದಳು. ಮೇಡಂ ಆ ಮಾತನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಆ ವಾರವೆಲ್ಲ ಅಳಿಸಗೊಡಲಿಲ್ಲ.

ಈ ರುಮಾನಾ ನಮ್ಮ ಬೀದಿಯ ಲಿಯಾಖತ್, ಮುನ್ನೀ ಬೀ ಅವರ ಮಗಳು. ಲಿಯಾಖತ್ ಮೊದಲು ಮನೆಯಲ್ಲೇ ರೇಷ್ಮೆ ನೂಲು ತೆಗೆಯುತ್ತಿದ್ದ, ಈಗ ಟೊಮೇಟೊ ಸಾಗಿಸುವ ಟೆಂಪೋ ಓಡಿಸುತ್ತಾನೆ. ಒಂದು ಕಾಲದಲ್ಲಿ ನಮ್ಮ ಬೀದಿಯಲ್ಲಿ ಮನೆಮನೆಗೂ ಕೈಯಲ್ಲಿ ತಿರುಗಿಸುವ ಚರಕ ಇತ್ತು. ಒಂದು ಕಡೆ ಒಲೆ, ಅದರ ಮೇಲೆ ಬಿಸಿನೀರಿನ ಬೇಸಿನ್ನು, ನೀರಿನಲ್ಲಿ ತೇಲುವ ರೇಷ್ಮೆ ಗೂಡು. ಒಬ್ಬರು ನೀರಿಗೆ ಕೈ ಹಾಕಿ ಎಳೆಯ ತುದಿ ಹಿಡಿದು ಕೊಟ್ಟರೆ, ಇನ್ನೊಬ್ಬರು ಚಕ್ರ ತಿರುಗಿಸುತ್ತಿದ್ದರು. ಆಮೇಲೆ ಊರಾಚೆ ಶೆಡ್ಡುಗಳಾದವು, ಕರೆಂಟಿನ ಮಿಷನ್ನುಗಳು ಬಂದವು, ಚರಕಗಳು ಅಟ್ಟ ಸೇರಿದವು.

ಇದನ್ನು ನನ್ನ ಬಾಯಿಂದ ಕೇಳಿದ ಮೇಡಂ ಕಣ್ಣು ಅರಳಿತು. "ಇಂಗ್ಲೆಂಡ್ ಕತೆ ಯಾಕ್ ಹೇಳ್ಲಿ ರತ್ನಮ್ಮ? ಅದೇ ಕತೆ ನಮ್ಮ ಬೀದೀಲೇ ನಡೆದಿದೆಯಲ್ಲ! ಒಂದು ಚರಕಾನಾದ್ರೂ ಉಳಿದಿಲ್ವಾ?"

ಲಿಯಾಖತ್ ಅಟ್ಟದಲ್ಲಿ ಒಂದಿತ್ತು. ಅವನು ಅದನ್ನು ಟೆಂಪೋದಲ್ಲಿ ತಾನೇ ತಂದು ಇಳಿಸಿದ. "ತಗೊಳ್ಳಿ ಮೇಡಂ. ಇಲಿ ಮರಿ ಹಾಕೋದು ಬಿಟ್ರೆ ಇದ್ರಿಂದ ಏನೂ ಉಪಯೋಗ ಇರ್ಲಿಲ್ಲ. ನಮ್ಮ ಮನೆಯವ್ಳಿಗೆ ಮಾತ್ರ ಹೇಳ್ಬೇಡಿ. ಗುಜರಿಗೆ ಹಾಕ್ದೆ ಅಂದ್ಕೊಂಡಿರ್ಲಿ."

"ಯಾಕ್ರೀ?"

"ಚರಕ ಅಂದ್ರೆ ಅವ್ಳಿಗೆ ತಲೆ ಕೆಡುತ್ತೆ."

ಗಂಡ ಹೆಂಡಿರ ತಮಾಷೆ ಎಂದುಕೊಂಡು ಮೇಡಂ ನಕ್ಕರು.

ಗೂಡನ್ನು ತಾಯಲೂರು ಕಡೆಯ ಒಬ್ಬ ರೈತರು ಕೊಟ್ಟರು. ಬೇಯಿಸುವ ದಿನ ನಾನು ಅನ್ನದ ಪಾತ್ರೆ ಕೊಡುವುದಿಲ್ಲ ಎಂದು ಹಟ ಹಿಡಿದು, ಮನೆಯಿಂದ ಹಳೆಯ ಬೋಗುಣಿ ತಂದೆ. ನೀರು ಕುದಿಯುವಾಗ ಮೇಡಂ ಮೆಲ್ಲಗೆ ಕೇಳಿದರು.

"ಒಳಗೆ ಹುಳ ಇನ್ನೂ ಇದ್ಯಾ ರತ್ನಮ್ಮ?"

"ಇರುತ್ತೆ ಮೇಡಂ. ಹಸಿ ಗೂಡಲ್ವಾ."

"ನಮ್ಮತ್ತೆ ಪೂಜೆಗೆ ರೇಷ್ಮೆ ಸೀರೇನೇ ಆಗ್ಬೇಕು ಅಂತಾರೆ. ನಾನು ಹುಳ ಬೇಯ್ಸಿದ್ದು ಗೊತ್ತಾದ್ರೆ ಅಡಿಗೆ ಮನೆಗೇ ಸೇರ್ಸಲ್ಲ" ಎಂದು ನಗಲು ಹೋದರು. ನಗು ಬರಲಿಲ್ಲ. ಗೂಡನ್ನು ಮಕ್ಕಳ ಕೈಯಲ್ಲಿ ಹಾಕಿಸಲಿಲ್ಲ. ಮುಖ ಅತ್ತ ತಿರುಗಿಸಿಕೊಂಡು ತಾವೇ ಹಾಕಿದರು.

ಬೇಯಿಸಿದ ಗೂಡನ್ನು ಬೇಸಿನ್ನಿನ ಉಗುರುಬೆಚ್ಚಗಿನ ನೀರಿಗೆ ಹಾಕಿ ಚರಕದ ಮುಂದಿಟ್ಟರು. ಒಂದೇ ಒಂದು ಗೂಡಿನಿಂದ ಎಷ್ಟು ಉದ್ದದ ಎಳೆ ಬರುತ್ತದೆ, ಅಳೆಯೋಣ ಎಂದರು. ತಿರುಗಿಸುವವನು ಆಂಜಿ, ಸುತ್ತು ಎಣಿಸುವವರು ಇಡೀ ಕ್ಲಾಸು. ನೀರಿಗೆ ಕೈ ಹಾಕಲು, "ನಮ್ಮನೆ ಚರಕ, ನಾನೇ" ಎಂದು ರುಮಾನಾ ಕುಕ್ಕುರುಗಾಲಿನಲ್ಲಿ ಕುಳಿತಳು. ಎಳೆ ಹೊರಟಿತು. ಮೊದಲು ಯಾರಿಗೂ ಕಾಣಿಸಲಿಲ್ಲ. ಬಿಸಿಲು ಬಿದ್ದಾಗ ಗಾಳಿಯಲ್ಲಿ ಒಂದು ಗೀರು ಹೊಳೆಯಿತು. ಅಷ್ಟು ಗಲಾಟೆ ಮಕ್ಕಳು, ಪಿಸುಮಾತಿನಲ್ಲಿ ಎಣಿಸತೊಡಗಿದರು.

ಬೆಂದ ಗೂಡಿನ ವಾಸನೆ ಗೊತ್ತಿರುವವರಿಗೆ ಗೊತ್ತು. ಅದು ಬಟ್ಟೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಗೋಡೆ ದಾಟಿ ಹೋಗುತ್ತದೆ. ನಮ್ಮ ಬೀದಿಯಲ್ಲಿ ಆ ವಾಸನೆ ಎದ್ದು ವರ್ಷಗಳೇ ಆಗಿದ್ದವು. ಮುನ್ನೀ ಬೀ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ವಾಸನೆಯ ಜಾಡು ಹಿಡಿದೇ ಬಂದಳು. ಒದ್ದೆ ಕೈ, ಎತ್ತಿ ಕಟ್ಟಿದ ಸೀರೆ. ಗೇಟಿನೊಳಗೆ ಬಂದವಳು ನೋಡಿದ್ದು ಏನು? ತನ್ನ ಮಗಳು ಚರಕದ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ನೀರಿನಲ್ಲಿ ಕೈ ಇಟ್ಟಿರುವುದು.

ಅವಳು ಕೂಗಲಿಲ್ಲ. ನೇರ ಹೋಗಿ ಮಗಳ ತೋಳು ಹಿಡಿದು ಎತ್ತಿದಳು, ಕಾಲಿನಿಂದ ಬೇಸಿನ್ನು ಒದ್ದಳು. ನೀರು, ಗೂಡು, ಎಲ್ಲ ಅಂಗಳದಲ್ಲಿ ಹರಿಯಿತು.

"ಇದಕ್ಕೇನಾ ಮೇಡಂ ನಾನು ಸ್ಕೂಲಿಗೆ ಕಳ್ಸಿದ್ದು?" ಎಂದಳು. ಮೇಡಂ ಬಾಯಿ ತೆರೆಯುವಷ್ಟರಲ್ಲಿ ಮಗಳನ್ನು ಎಳೆದುಕೊಂಡು ಹೋಗಿಬಿಟ್ಟಳು.

ಮಾರನೆಯ ದಿನ ರುಮಾನಾ ಬರಲಿಲ್ಲ. ಅದರ ಮಾರನೆಯ ದಿನ ಮುನ್ನೀ ಬೀ ಬಂದು ಹೆಡ್ ಮಾಸ್ಟರ್ ಅನಿಲ್‌ಕುಮಾರ್ ಸರ್ ಮುಂದೆ ನಿಂತು, "ಟೀಸಿ ಕೊಡಿ. ಶ್ರೀನಿವಾಸಪುರದಲ್ಲಿ ನಮ್ಮಕ್ಕನ ಮನೆ ಇದೆ, ಅಲ್ಲಿಗೆ ಕಳಿಸ್ತೀನಿ" ಎಂದಳು. ಆ ಅಕ್ಕನ ಮನೆ ನನಗೆ ಗೊತ್ತು. ಅಲ್ಲಿಗೆ ಹೋದ ಹುಡುಗಿ ಅವರ ಮಕ್ಕಳನ್ನು ಎತ್ತಿ ಆಡಿಸಬೇಕು, ಪಾತ್ರೆ ತಿಕ್ಕಬೇಕು, ಆಮೇಲೆ ಓದು. ಅಂದರೆ ಓದು ಮುಗಿದಂತೆ. ಸರ್ ಒಂದು ವಾರ ಟೈಮು ಕೇಳಿ ಅವಳನ್ನು ಕಳಿಸಿದರು. ಮೇಡಂ ಕಡೆ ತಿರುಗಿ, "ನಿಮ್ಮ ಪ್ರಯೋಗ ಎಲ್ಲಾ ಎತ್ತಿ ಮೂಲೆಗಿಡಿ. ಪುಸ್ತಕ ಓದಿ ಸಾಕು. ನಾಳೆ ಯಾರಾದ್ರೂ ಮಕ್ಕಳ ಕೈಲಿ ಕೆಲಸ ಮಾಡಿಸ್ತಾರೆ ಅಂತ ಬರೆದು ಹಾಕಿದ್ರೆ ನಾನೇನು ಹೇಳ್ಲಿ?" ಎಂದರು. ಅವರ ಮಾತಿನಲ್ಲೂ ತಪ್ಪಿರಲಿಲ್ಲ.

ಮಧ್ಯಾಹ್ನ ಮೇಡಂ ನನ್ನ ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತರು. ಊಟ ಬೇಡವೆಂದರು.

"ನೀರು ಸುಡ್ತಿರ್ಲಿಲ್ಲ ರತ್ನಮ್ಮ. ನಾನು ಕೈ ಹಾಕಿ ನೋಡಿದ್ದೆ."

"ನಿಮ್ಮ ನೀರಿಗಲ್ಲ ಮೇಡಂ ಅವಳು ಬಂದಿದ್ದು."

ಮೊದಲೇ ಹೇಳಬೇಕಿತ್ತು, ಆಗ ಹೇಳಿದೆ. ನಾನು ಈ ಬೀದಿಗೆ ಸೊಸೆಯಾಗಿ ಬಂದು ವರ್ಷಗಳು ಕಳೆದಿದ್ದವು. ಮುನ್ನಿ ಅಂದರೆ ಆಗ ಇದೇ ಬೀದಿಯ ಮೂಗು ಸೋರುವ ಪುಟ್ಟ ಹುಡುಗಿ. ಬೆಳಗ್ಗೆ ಕತ್ತಲಿರುವಾಗಲೇ ಅವಳನ್ನು ಎಬ್ಬಿಸಿ ಒಬ್ಬರ ಚರಕದ ಮನೆಗೆ ಕಳಿಸುತ್ತಿದ್ದರು. ದಿನವೆಲ್ಲ ಬೇಸಿನ್ನಿನ ಮುಂದೆ. ಸಂಜೆ ಬಂದಾಗ ಅವಳ ಬೆರಳು ಹಿತುಕಿದ ಅವರೆಕಾಳಿನ ಹಾಗೆ ಸಿಪ್ಪೆ ಸುಲಿದು ಬೆಳ್ಳಗಿರುತ್ತಿದ್ದವು. ಸಾರನ್ನ ಕಲಸಿ ತಿನ್ನಲು ಆಗುತ್ತಿರಲಿಲ್ಲ, ಖಾರ ಉರಿಯುತ್ತಿತ್ತು. ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಮಜ್ಜಿಗೆ ಅನ್ನ" ಎನ್ನುತ್ತಿತ್ತು ಮಗು. ನಾನು ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ಮಕ್ಕಳನ್ನು ದುಡಿಸುತ್ತಾರಾ ಎಂದು ನೋಡಲು ಸರ್ಕಾರದ ಜೀಪು ಬಂತೆಂದರೆ ಅವರನ್ನೆಲ್ಲ ಅಟ್ಟಕ್ಕೆ ಹತ್ತಿಸಿ, ಮುಂದೆ ಗೂಡಿನ ತಟ್ಟೆ ಅಡ್ಡ ಇಡುತ್ತಿದ್ದರು. ಜೀಪು ಹೋದ ಮೇಲೆ ಇಳಿಸುತ್ತಿದ್ದರು.

ಮೇಡಂ ಅಳಲಿಲ್ಲ. ಅವರು ಹಾಗೆ ಅಳುವವರಲ್ಲ. ಒಂದರ ಮೇಲೊಂದು ಕೇಳತೊಡಗಿದರು. ಪಕ್ಕದಲ್ಲಿ ತಣ್ಣೀರು ಇಡ್ತಿದ್ರಾ? ಗಂಡು ಮಕ್ಕಳನ್ನೂ ಕೂರಿಸ್ತಿದ್ರಾ? ಮಾತಾಡಬೋದಿತ್ತಾ, ಹಾಡು ಹೇಳ್ಕೋತಿದ್ರಾ? ನನಗೆ ಸಾಕಾಗಿ, "ಅಯ್ಯೋ, ನಾನೇನು ಬೇಸಿನ್ ಮುಂದೆ ಕೂತಿದ್ನಾ? ಹೋಗಿ ಅವಳನ್ನೇ ಕೇಳಿ" ಎಂದೆ.

"ಬಾಗಿಲು ತೆಗೀತಾರಾ?"

"ತೆಗೀತಾಳೆ. ತೆಗೆದು ಬೈತಾಳೆ."

ಸಂಜೆ ಇಬ್ಬರೂ ಹೋದೆವು. ಲಿಯಾಖತ್ ನಮ್ಮನ್ನು ಕಂಡದ್ದೇ ಟೆಂಪೋ ಕೆಳಗೆ ನುಗ್ಗಿ ಏನೋ ರಿಪೇರಿ ಇದ್ದವನ ಹಾಗೆ ಮಲಗಿಬಿಟ್ಟ. ಅವನ ಎರಡು ಕಾಲು ಮಾತ್ರ ಹೊರಗಿದ್ದವು.

"ಬನ್ನಿ ಬನ್ನಿ," ಎಂದಳು ಮುನ್ನೀ ಬೀ ಬಾಗಿಲಲ್ಲೇ ನಿಂತು. "ಹುಳ ಬೇಯ್ಸೋದು ಮುಗೀತಾ, ಇನ್ನೂ ಬಾಕಿ ಇದ್ಯಾ?"

"ಮುಗೀತು. ತಪ್ಪಾಯ್ತು ಅಂತ ಹೇಳೋಕ್ ಬಂದೆ," ಎಂದರು ಮೇಡಂ.

"ತಪ್ಪಾಯ್ತು ಅಂದ್ರಾಯ್ತಾ? ಉರ್ದು ಸ್ಕೂಲ್ ಬಿಡ್ಸಿ ನಿಮ್ಮತ್ರ ಯಾಕ್ ಹಾಕ್ದೆ ಗೊತ್ತಾ? ನಮ್ಮೋರೆಲ್ಲ ಬೈದ್ರು. ಕನ್ನಡ ಓದ್ಲಿ, ಆಫೀಸಲ್ಲಿ ಫ್ಯಾನ್ ಕೆಳಗೆ ಕೂರ್ಲಿ ಅಂತ ಹಾಕ್ದೆ. ನೀವು ನೋಡಿದ್ರೆ ಸೀದಾ ತಂದು ನನ್ನ ಜಾಗದಲ್ಲೇ ಕೂರ್ಸಿದ್ದೀರ!"

"ಅದು ನಿಮ್ಮ ಜಾಗ ಅಂತ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ವಾ? ಇದೇ ಊರಲ್ಲಿ ಹುಟ್ಟಿದ್ದೀರ. ನಮ್ಮ ವಾಸನೆ ನಿಮ್ಮ ಬೀದಿಗೆ ಬರ್ತಿರ್ಲಿಲ್ವಾ?"

ಮೇಡಂ ಅವಳ ಮುಖ ನೋಡಿಯೇ ಹೇಳಿದರು. "ಬರ್ತಿತ್ತು. ಕಿಟಕಿ ಹಾಕ್ಕೋತಿದ್ವಿ."

ಮುನ್ನೀ ಬೀ ಬಾಗಿಲಿಗೆ ಅಡ್ಡ ಇಟ್ಟಿದ್ದ ಕೈ ತೆಗೆದಳು. ಕೂತುಕೊಳ್ಳಿ ಎನ್ನಲಿಲ್ಲ, ಆದರೆ ನಾವು ಕೂತೆವು.

ಅಷ್ಟರಲ್ಲಿ ಪರದೆಯ ಹಿಂದಿನಿಂದ ರುಮಾನಾ, "ಅಮ್ಮಿ, ನಾವು ಕೆಲಸ ಮಾಡ್ತಿರ್ಲಿಲ್ಲ. ಅಳೀತಿದ್ವಿ" ಎಂದಳು.

"ಏನ್ ಅಳೆಯೋದು, ನಿಮ್ಮಪ್ಪನ ತಲೆ?"

"ಒಂದು ಗೂಡಲ್ಲಿ ಎಷ್ಟು ಉದ್ದ ಎಳೆ ಇದೆ ಅಂತ. ಬರ್ತಾನೇ ಇತ್ತು, ಬರ್ತಾನೇ ಇತ್ತು. ನೀನು ಒದ್ದುಬಿಟ್ಟೆ."

ಮುನ್ನೀ ಬೀ ನನ್ನ ಕಡೆ ತಿರುಗಿದಳು. "ಎಷ್ಟಿರುತ್ತೆ ಅಕ್ಕಾ?"

"ನನಗೇನ್ ಗೊತ್ತು? ನೀನಲ್ವಾ ತೆಗೀತಿದ್ದಿದ್ದು."

"ತೆಗೀತಿದ್ದೆ. ಎಂಟ್ಹತ್ತು ಗೂಡಿನ ಎಳೆ ಒಟ್ಟಿಗೆ ಹೋಗೋದು, ಒಂದು ಮುಗಿದ್ರೆ ಇನ್ನೊಂದು ಸೇರ್ಸೋದು. ಒಂದೇ ಗೂಡು ಯಾರು ನೋಡ್ತಾರೆ?" ಎಂದು ಅವಳು ಮೇಡಂ ಮುಖ ನೋಡಿದಳು. "ಎಷ್ಟು ಮೇಡಂ?"

"ಪುಸ್ತಕದಲ್ಲಿ ಒಂದು ಬರ್ದಿದ್ದಾರೆ. ನನಗೆ ಅಳೆದು ನೋಡ್ಬೇಕು. ಅದಕ್ಕೇ ಬೇಯ್ಸಿದ್ದು," ಎಂದರು ಮೇಡಂ.

ಟೆಂಪೋ ಕೆಳಗಿನ ಕಾಲು ಅಲ್ಲಾಡಿತು. "ಕಿಲೋಮೀಟರ್ ಮೇಲಿರುತ್ತೆ ಅಂತ ಯಾರೋ ಮಾರ್ಕೆಟಲ್ಲಿ ಹೇಳ್ತಿದ್ರು..."

"ತುಮ್ ಚುಪ್ ರಹೋ," ಎಂದಳು ಮುನ್ನೀ ಬೀ. ಕಾಲು ಒಳಗೆ ಹೋಯಿತು. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಯೋಚಿಸಿದಳು. "ಸರಿ, ಅಳೀರಿ. ನಾನೂ ನೋಡ್ತೀನಿ. ಆದ್ರೆ ಒಂದು ಮಾತು. ನನ್ನ ಮಗಳ ಕೈ ನೀರಿಗೆ ಹೋಗ್ಕೂಡ್ದು. ಯಾರ ಮಕ್ಕಳ ಕೈಯೂ ಹೋಗ್ಕೂಡ್ದು. ನಾನಂತೂ ಸತ್ರೂ ಹಾಕಲ್ಲ."

"ಹಂಗಾದ್ರೆ ನಾನು ಹಾಕ್ತೀನಿ."

"ಉಗುರುಬೆಚ್ಚಗಿನ ನೀರಲ್ಲ ಮೇಡಂ. ನಮಗೆ ಇಡ್ತಿದ್ರಲ್ಲ, ಅಂಥ ನೀರು. ಅದನ್ನ ನೋಡಿದ್ಮೇಲೆ ಟೀಸಿ ಬೇಕೋ ಬೇಡ್ವೋ ಹೇಳ್ತೀನಿ."

ಮೇಡಂ ಒಪ್ಪಿದರು. ಆ ಮನೆತನದ ಹೆಂಗಸು ಹುಳದ ನೀರಿನಲ್ಲಿ ಕೈ ಇಡುತ್ತಾರೆಂದರೆ ನನಗೇ ನಂಬಿಕೆ ಬರಲಿಲ್ಲ.

ಶನಿವಾರ ಮತ್ತೆ ಒಲೆ ಹತ್ತಿತು. ಹೆಡ್ ಮಾಸ್ಟರ್ ಬೇಡವೆಂದರು, ಮಕ್ಕಳು ಮುಟ್ಟುವುದಿಲ್ಲ ಎಂದಾಗ ಸುಮ್ಮನಾಗಿ, ಆಫೀಸಿನ ಕಿಟಕಿಯಲ್ಲಿ ನಿಂತರು. ಮುನ್ನೀ ಬೀಗೆ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿದೆವು. ಅವಳು ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು ಕೂತಳು. ರುಮಾನಾ ಅವಳ ಪಕ್ಕ, ಚರಕದಿಂದ ದೂರ.

ಮೇಡಂ ಸೀರೆ ಎತ್ತಿ ಸಿಕ್ಕಿಸಿ ಕುಕ್ಕುರುಗಾಲಿನಲ್ಲಿ ಕೂತರು. ನೀರಿಗೆ ಬೆರಳು ಹಾಕಿದರು, ತಕ್ಷಣ ಕಿತ್ತುಕೊಂಡರು. ಮಕ್ಕಳು ನಕ್ಕರು. ಮತ್ತೆ ಹಾಕಿದರು. ತುದಿ ಸಿಕ್ಕಿತು, ಚರಕ ತಿರುಗಿತು, ಎಳೆ ಕಿತ್ತುಹೋಯಿತು. ಮತ್ತೆ ಹುಡುಕು, ಮತ್ತೆ ಕಟ್ಟು. ಮಕ್ಕಳು ಎಣಿಸುತ್ತಿದ್ದರು. ಮೇಡಂ ಬೆರಳು ಕೆಂಪಾಗಿ ಊದಿದವು.

"ರತ್ನಕ್ಕಾ, ಒಂದು ಚೊಂಬು ತಣ್ಣೀರು ಕೊಡು ಅವ್ರಿಗೆ," ಎಂದಳು ಮುನ್ನೀ ಬೀ.

"ನಿಮಗೂ ಇಡ್ತಿದ್ರಾ?" ಎಂದು ಮೇಡಂ ಕೈ ಅದ್ದುತ್ತ ಕೇಳಿದರು.

"ಇಡ್ತಿದ್ರು. ಮಧ್ಯಾಹ್ನಕ್ಕೆ ಅದೂ ಬಿಸಿ ಆಗಿರ್ತಿತ್ತು."

ಆಂಜಿ ಚಕ್ರ ನಿಲ್ಲಿಸಿ, "ಆಂಟಿ, ಯಾಕೆ ಮಕ್ಕಳನ್ನೇ ಕೂರಿಸ್ತಿದ್ರು? ದೊಡ್ಡೋರಿಗೆ ಬೇಗ ಬರ್ತಿತ್ತಲ್ವಾ?" ಎಂದ.

"ದೊಡ್ಡೋರಿಗೆ ಕೂಲಿ ಕೊಡ್ಬೇಕಲ್ಲಪ್ಪ. ನಮಗೆ ಒಂದು ಬನ್ನು, ಒಂದು ಟೀ. ಅಳು ಬಂದ್ರೆ ಬನ್ನೂ ಇಲ್ಲ."

ಆಗ ರುಮಾನಾ ಪುಸ್ತಕ ತೆಗೆದು ತಾಯಿಗೆ ಓದಿ ಹೇಳಿದಳು. ಇಂಗ್ಲೆಂಡಿನ ನೂಲಿನ ಗಿರಣಿಗಳಲ್ಲಿ ಸಣ್ಣ ಮಕ್ಕಳು ತಿರುಗುವ ಮಿಷನ್ನಿನ ಕೆಳಗೆ ತೂರಿ, ಕಿತ್ತುಹೋದ ಎಳೆ ಕಟ್ಟುತ್ತಿದ್ದರು ಎಂದು ಅದರಲ್ಲಿತ್ತು.

ಮುನ್ನೀ ಬೀ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. "ಬಿಳೀ ಮಕ್ಕಳಾ? ದೊರೆಗಳ ಊರಲ್ಲಾ?"

"ಹೂಂ ಅಮ್ಮಿ."

"ಅವ್ರ ಕೈಲೂ ಮಾಡಿಸ್ತಿದ್ರಾ!" ಅವಳಿಗೆ ಅದು ನಂಬಲಾಗದ ಸುದ್ದಿ. ಇಷ್ಟು ವರ್ಷ ಅವಳು ಅದನ್ನು ನಮ್ಮ ಬೀದಿಯ ಹಣೆಬರಹ ಎಂದುಕೊಂಡಿದ್ದಳೋ ಏನೋ. "ಅವ್ರಮ್ಮಂದಿರು ಏನ್ ಮಾಡಿದ್ರು ಮೇಡಂ? ಹೋಗಿ ಎಳ್ಕೊಂಡ್ ಬಂದ್ರಾ?"

ಮೇಡಂ ಎಳೆ ಹಿಡಿದುಕೊಂಡೇ ತಲೆ ಎತ್ತಿದರು. "ಅದು ಈ ಪುಸ್ತಕದಲ್ಲಿಲ್ಲ ಮುನ್ನೀ. ನನಗೂ ಗೊತ್ತಿಲ್ಲ. ಹುಡುಕಿ ಹೇಳ್ತೀನಿ."

"ಹುಡುಕಿ," ಎಂದಳು ಮುನ್ನೀ ಬೀ, ಸಾಲ ಕೊಟ್ಟವರ ಗತ್ತಿನಲ್ಲಿ.

ಗೂಡು ತೆಳ್ಳಗಾಗಿ, ಒಳಗಿನ ಕಂದು ಹುಳ ಕಂಡು, ಕೊನೆಗೆ ಎಳೆ ಬರುವುದು ನಿಂತಿತು. ಮಕ್ಕಳು ಸುತ್ತುಗಳನ್ನು ಮೀಟರು ಮಾಡಿದರು. ಮೀಟರು ಎಂದರೆ ಮುನ್ನೀ ಬೀಗೆ ಏನು ತಿಳಿಯಬೇಕು? ಆಂಜಿ, "ಗೇಟಿಂದ ಹೊರಟ್ರೆ ಬಸ್ ಸ್ಟ್ಯಾಂಡ್ ದಾಟಿ ಹೋಗುತ್ತೆ ಆಂಟಿ" ಎಂದ.

"ಒಂದು ಗೂಡಾ? ಸುಳ್ಳು ಹೇಳ್ಬೇಡ್ವೋ."

"ಬೇಕಾದ್ರೆ ನಡೆದು ನೋಡಿ!"

ಅವಳು ಬಸ್ ಸ್ಟ್ಯಾಂಡಿನ ಕಡೆ ನೋಡಿದಳು. ಸೆರಗಿನೊಳಗೇ ಬೆರಳು ಮಡಿಸುತ್ತಿದ್ದಳು. ಎಷ್ಟೋ ಗೂಡು, ಎಷ್ಟೋ ವರ್ಷ. ಲೆಕ್ಕ ಕೈಗೆ ಸಿಗದೆ ಬಿಟ್ಟಳು. "ಹಂಗಾದ್ರೆ ನಾನು ತೆಗೆದಿದ್ದೆಲ್ಲ ಎಲ್ಲೀವರ್ಗೂ ಹೋಗಿರುತ್ತೆ?"

"ಬೆಂಗ್ಳೂರು!" "ದಿಲ್ಲಿ!" ಎಂದು ಮಕ್ಕಳು ಕೂಗಾಡಿದರು.

"ಮಕ್ಕಾಗೆ ಹೋಗಿ ವಾಪಸ್ ಬಂದಿರುತ್ತೆ ಅಮ್ಮಿ," ಎಂದಳು ರುಮಾನಾ.

"ನಾನು ಹೋಗ್ದೇ ಇದ್ರೂ ನನ್ನ ನೂಲು ಹೋಯ್ತು ಅನ್ನು," ಎಂದು ಮುನ್ನೀ ಬೀ ನಕ್ಕಳು. ಅವಳು ನಕ್ಕದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅಪರೂಪ. ಆಮೇಲೆ ಎದ್ದಳು. ಮೇಡಂ ಹತ್ತಿರ ಹೋಗಿ ಅವರ ಊದಿದ ಬೆರಳುಗಳನ್ನು ಒಂದೊಂದಾಗಿ ನೋಡಿದಳು. "ಇವತ್ತು ಸಾರಲ್ಲಿ ಉಣ್ಬೇಡಿ. ಮಜ್ಜಿಗೇಲಿ ಉಣ್ಣಿ" ಎಂದು ಹೇಳಿ, ಮಗಳ ಕೈ ಹಿಡಿದು ಹೊರಟುಹೋದಳು. ಟೀಸಿ ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕಿಟಕಿಯಲ್ಲಿದ್ದ ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಸೋಮವಾರ ಬೆಳಗ್ಗೆ ನಾನು ತೊಗರಿಬೇಳೆ ತೊಳೆಯುತ್ತಿದ್ದೆ. ಪ್ರಾರ್ಥನೆಗೆ ಬೆಲ್ ಆಗುವ ಮುಂಚೆ ಮುನ್ನೀ ಬೀ ನನ್ನ ಬಾಗಿಲಿಗೆ ಬಂದಳು. ಹಿಂದೆ ರುಮಾನಾ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ, ಬೆನ್ನಿಗೆ ಬ್ಯಾಗು.

"ಇವತ್ತೇನ್ ಪಾಠ ಅಕ್ಕಾ?"

"ಕರೆಂಟಂತೆ. ದೊರೆಗಳ ಕಾಲದಲ್ಲೇ ಕಾವೇರಿಯಿಂದ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ತಂದ್ರಲ್ಲ, ಅದನ್ನ ಏನೋ ಬಲ್ಬು ವೈರಲ್ಲಿ ಮಾಡಿ ತೋರಿಸ್ತಾರಂತೆ."

"ಬೇಯ್ಸೋದು ಏನಾದ್ರೂ ಇದ್ಯಾ?"

"ಬೇಳೆ ಒಂದೇ. ಅದೂ ನಾನು ಬೇಯ್ಸೋದು."

"ಹಂಗಾದ್ರೆ ಸರಿ," ಎಂದು ಅವಳು ಮಗಳ ಬೆನ್ನು ತಟ್ಟಿ ಒಳಗೆ ಕಳಿಸಿದಳು.